ಜೋಡಿ ತಪ್ಪಿದ ಹೌದು

ಒಂದು ಮಳೆಗಾಲ ಪೂರ್ತಿ ನಮ್ಮೂರಿನ ನೆನಪನ್ನೆಲ್ಲ ನಾನೊಬ್ಬನೇ, ನನ್ನ ಇದೊಂದೇ ತಲೆಯಲ್ಲಿ ಹೊತ್ತಿದ್ದೆ. ಆಗ ನನ್ನ ತಲೆ ಎಷ್ಟು ಭಾರವಾಗಿತ್ತೆಂದರೆ ಎಡಮಗ್ಗುಲಿಗೆ ಹೊರಳಿದರೆ ಮನೆ ಎಡಕ್ಕೆ ವಾಲುತ್ತಿತ್ತು. ಬಲಮಗ್ಗುಲಿಗೆ ಹೊರಳಿದರೆ ಪಕ್ಕದ ಮನೆಯವರು ಎದ್ದು ಬಂದು ಗೋಡೆಗೆ ತೊಲೆ ಆನಿಸುತ್ತಿದ್ದರು. ನಾನು ಬಗ್ಗಿ ನೋಡಿದರೆ ಬಾವಿಯ ನೀರು ಹೆದರಿ ಎರಡು ಮೊಳ ಕೆಳಗಿಳಿಯುತ್ತಿತ್ತು. ನಂಬದವರು ಬಾವಿಯನ್ನೇ ಕೇಳಬಹುದು.

ನನ್ನ ಹೆಸರು ಮುರಿಗೆಪ್ಪ. ನಮ್ಮೂರ ಚಾವಡಿಯೊಳಗೆ ಒಂದು ಕಂಪ್ಯೂಟರು ಇದೆ. ಕೂಡುವುದರಲ್ಲಿ, ಕಳೆಯುವುದರಲ್ಲಿ, ಭಾಗಿಸುವುದರಲ್ಲಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ಆದರೆ ನೆನಪು ಮಾತ್ರ ಅದಕ್ಕೆ ಒಂದು ಚೂರೂ ಇಲ್ಲ. ಮುಂಜಾನೆ ಹಾಕಿದ ಲೆಕ್ಕವನ್ನು ಸಂಜೆಯವರೆಗೆ ಇಟ್ಟುಕೊಳ್ಳಲು ಅದರೊಳಗೆ ಜಾಗವಿಲ್ಲ. ಆ ಜಾಗ ನಾವೇ. ಬೆಳಗ್ಗೆ ಚಾವಡಿಯ ಗೋಡೆಯಿಂದ ಹೊರಬಂದಿರುವ ಹಿತ್ತಾಳೆ ಕೊಳವೆಗೆ ಕಿವಿ ಕೊಟ್ಟರೆ ಅದು ಒಬ್ಬೊಬ್ಬರಿಗೆ ಒಂದೇ ಒಂದು ಮಾತು ಹೇಳುತ್ತದೆ. ಒಬ್ಬರಿಗೆ ‘ಹೌದು’, ಇನ್ನೊಬ್ಬರಿಗೆ ‘ಇಲ್ಲ’. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊತ್ತು ಮುಳುಗುವವರೆಗೆ ಕಟ್ಟೆಯ ಮೇಲೆ ಕೂರುವುದು, ಕೇಳಿದಾಗ ಹಾಗೆಯೇ ಹಿಂದಿರುಗಿಸುವುದು. ಒಂದು ಕಟ್ಟೆ ಶಾಲೆಯ ಗಂಟೆಯನ್ನು ನೆನಪಿಡುತ್ತದೆ, ಒಂದು ಕಟ್ಟೆ ಬಸ್ಸುಗಳನ್ನು, ಇನ್ನೊಂದು ಮದುವೆಗಳನ್ನು. ನಮ್ಮದು ನೀರಿನ ಕಟ್ಟೆ. ನಾಲ್ಕು ಓಣಿಗೆ ನಾಲ್ಕು ಮಾತು. ಯಾವ ಓಣಿಯ ಮಾತು ‘ಹೌದು’ ಎಂದಿದೆಯೋ ಆ ಓಣಿಗೆ ಸಂಜೆ ಕೆರೆಯ ನೀರು ಬಿಡುತ್ತಾರೆ.

ಆದರೆ ಮನುಷ್ಯರ ತಲೆ. ‘ಹೌದು’ ಎಂಬುದು ‘ಇಲ್ಲ’ ಆಗಲು ಎಷ್ಟು ಹೊತ್ತು ಬೇಕು? ಒಬ್ಬನಿಗೆ ಹಲ್ಲುನೋವು ಬರುತ್ತದೆ, ಒಬ್ಬಳಿಗೆ ತವರಿನಿಂದ ತಮ್ಮ ಬಂದ ಸುದ್ದಿ ಬರುತ್ತದೆ, ಯಾರದೋ ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬರುತ್ತದೆ. ತಲೆಯೊಳಗಿನ ಮಾತು ಮಗುಚಿ ಬೀಳಲು ಅಷ್ಟು ಸಾಕು. ಹಿಂದೊಮ್ಮೆ ಹೀಗೇ ಮಗುಚಿ, ಮೇಲಿನ ಓಣಿ ಒಣಗಿ ಕೆಳಗಿನ ಓಣಿಯಲ್ಲಿ ಎಮ್ಮೆಗಳು ಪಡಸಾಲೆಯೊಳಗೆ ಈಜಾಡಿದವು. ಅಂಥ ಹೊತ್ತಿನಲ್ಲಿ ಊರನ್ನು ಉಳಿಸಿದ ಏರ್ಪಾಟು ನನ್ನದು: ಒಂದೊಂದು ಮಾತನ್ನು ಮೂರು ಮೂರು ಮಂದಿಗೆ ಹೇಳುವುದು, ಸಂಜೆ ಇಬ್ಬರು ಏನೆನ್ನುತ್ತಾರೋ ಅದೇ ಸರಿ. ಮೂರನೆಯವನು ಮರೆತರೂ ಚಿಂತೆಯಿಲ್ಲ. ಅಂದಿನಿಂದ ಊರು ನನ್ನನ್ನು ಮೂರಾಳು ಮುರಿಗೆಪ್ಪ ಎಂದು ಕರೆಯಿತು. ನಾನು ಬೀದಿಯಲ್ಲಿ ಬಂದರೆ ಕೋಳಿಗಳೂ ದಾರಿ ಬಿಡುತ್ತಿದ್ದವು. ನೀರಿನ ಕಟ್ಟೆಯ ಮೇಲೆ ಹನ್ನೆರಡು ಮಂದಿ ಮೈಗೆ ಮೈ ತಾಗಿಸಿಕೊಂಡು ಕೂತಿರುತ್ತಿದ್ದೆವು. ಎಲ್ಲ ಕಟ್ಟೆಗಳಲ್ಲೂ ಹೀಗೇ. ಕೂರಲು ಜನ ಸಾಲದೆ ಹಿಟ್ಟಿನ ಗಿರಣಿ ಮುಚ್ಚಿತು, ಮಗ್ಗಗಳು ನಿಂತವು, ಊರ ಗಂಡಸರ ಗಡ್ಡ ಎದೆಯವರೆಗೆ ಇಳಿಯಿತು, ಏಕೆಂದರೆ ಕ್ಷೌರಿಕನೂ ಕಟ್ಟೆಯ ಮೇಲೇ ಇದ್ದ. ಆ ಗಡ್ಡಗಳೆಲ್ಲ ನನ್ನ ಕೀರ್ತಿಯ ಗುರುತೆಂದೇ ನಾನು ತಿಳಿದಿದ್ದೆ.

ಆಗ ಬಂದ ನೋಡಿ, ನನ್ನ ಷಡ್ಡಕ ಅಡಿವೆಪ್ಪ. ನನ್ನ ಹೆಂಡತಿ ದ್ಯಾಮವ್ವನ ತಂಗಿ ನೀಲವ್ವನ ಗಂಡ. ಅವನಷ್ಟು ಮೈಗಳ್ಳನನ್ನು ಈ ಭೂಮಿ ಹೊತ್ತಿಲ್ಲ. ಊಟ ಮಾಡುತ್ತಲೇ ನಿದ್ದೆ ಹೋಗಿ, ನಿದ್ದೆಯಲ್ಲೇ ಊಟ ಮುಗಿಸಿ ಕೈ ತೊಳೆದವನು. ಕಟ್ಟೆಯ ಮೇಲೆ ಕೂತು ಕೂತು ನಡು ನೋಯುತ್ತದೆಂದು ಅವನ ಗೋಳು. ಒಂದು ಹಬ್ಬದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಉಂಡು, ಪಡಸಾಲೆಯಲ್ಲಿ ಅಡ್ಡಾಗಿ, ನೀಲವ್ವನ ಕೈಯಿಂದ ಮೂರು ಬಳೆ ಬಿಚ್ಚಿಸಿಕೊಂಡು ಒಂದರ ಮೇಲೊಂದು ಚೂರು ಚೂರು ಬರುವಂತೆ ನೆಲದ ಮೇಲಿಟ್ಟ. ನಡುವೆ ಆದ ಸಂದುಗಳಲ್ಲಿ ಏಳು ಹುಣಸೆಬೀಜ ಇಟ್ಟ.

“ನೋಡ್ರಿ ಅಕ್ಕಾರ,” ಎಂದ ದ್ಯಾಮವ್ವನಿಗೆ. ನನಗಲ್ಲ. “ಮೂರೂ ಬಳಿ ಕೂಡಿದ ನಟ್ಟನಡುವ ಒಂದು ಬೀಜ. ಎರಡೆರಡು ಬಳಿ ಕೂಡಿದಲ್ಲಿ ಒಂದೊಂದು. ಈ ನಾಲ್ಕು ನಮ್ಮ ನಾಲ್ಕು ಓಣಿ. ಉಳಿದ ಮೂರು ಬೀಜ ಒಂದೊಂದು ಬಳಿಯೊಳಗ ಒಂಟಿ ಕುಂತಾವಲ್ಲ, ಅವು ಜೋಡಿಯಾಳು. ಬಳಿಯೊಳಗ ‘ಹೌದು’ ಒಂಟಿ ಉಳದ್ರ ಜೋಡಿಯಾಳಿಗೂ ‘ಹೌದು’ ಅಂತ ಹೇಳೂದು. ಮೊದಲ ಜೋಡಿ ಇದ್ರ ‘ಇಲ್ಲ’ ಅಂತ ಹೇಳೂದು. ಒಟ್ಟು ಯಾವ ಬಳಿಯೊಳಗೂ ‘ಹೌದು’ ಜೋಡಿ ತಪ್ಪಬಾರದು.”

“ಯಾರರ ಒಬ್ಬರು ಮರತ್ರ?”

“ಅವರು ಕುಂತ ಬಳಿ ಅಷ್ಟೂ ಜೋಡಿ ತಪ್ಪತಾವು.”

ದ್ಯಾಮವ್ವ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. “ಹಂಗಾರ ಎರಡು ಬಳಿ ತಪ್ಪಿ ಮೂರನೇದು ಸರಿ ಇದ್ರ, ಆ ಎರಡರಾಗ ಕುಂತು ಮೂರನೇದರಾಗ ಇಲ್ಲದವರ ಮರತಾರ ಅಂತ ಅರ್ಥ. ಅವರ ಮಾತು ತಿರುವಿ ಹಾಕಿದ್ರ ಸರಿ ಆತು. ಹನ್ನೆರಡು ಮಂದಿ ಮಾಡೂದನ್ನ ಏಳು ಮಂದಿ ಮಾಡಿದಂಗಾತು. ಐದು ಮಂದಿ ಮನೀಗೆ ಹೋಗಬಹುದಲ್ಲೋ ಅಡಿವೆಪ್ಪ.”

“ಆ ಐದರಾಗ ನಾ ಮೊದಲನೇದವ,” ಎಂದು ಅವನು ಕಣ್ಣು ಮುಚ್ಚಿದ.

ಅವಳು ನಕ್ಕಳು. ನನ್ನ ಹೆಂಡತಿ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲವೆಂದಲ್ಲ, ಆದರೆ ಹಾಗೆ, ಕುತ್ತಿಗೆ ಎತ್ತಿ ನಕ್ಕಿದ್ದನ್ನು ಕಂಡಿರಲಿಲ್ಲ. ಮಲಗಿದವನ ತಟ್ಟೆಗೆ ಕೇಳದೆಯೇ ಇನ್ನೊಂದು ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದಳು. ನನ್ನತ್ತ ತಿರುಗಿ “ನಿಮಗ ಸಾಕಲ್ರಿ?” ಎಂದಳು. ಅಂದು ನನ್ನ ಹೊಟ್ಟೆಯಲ್ಲಿ ಹತ್ತಿದ ಉರಿ ಎಂಥದ್ದೆಂದರೆ, ಮುಂದೆ ಎಷ್ಟೋ ವಾರ ನಮ್ಮ ಮನೆಯಲ್ಲಿ ಕಟ್ಟಿಗೆ ತಂದದ್ದಿಲ್ಲ. ಹಂಚನ್ನು ನನ್ನ ಹೊಟ್ಟೆಯ ಮೇಲಿಟ್ಟರೆ ರೊಟ್ಟಿ ಉಬ್ಬುತ್ತಿತ್ತು.

ಊರು ಒಪ್ಪಿತು. ಕಟ್ಟೆಗಳ ಮುಂದೆ ಸುಣ್ಣದಿಂದ ಮೂರು ಮೂರು ದೊಡ್ಡ ಬಳೆ ಬರೆದರು. ಗಿರಣಿ ತಿರುಗಿತು, ಮಗ್ಗಗಳು ಸದ್ದು ಮಾಡಿದವು, ಗಡ್ಡಗಳು ರಾಶಿರಾಶಿ ಉದುರಿದವು. ಮನೆಗೆ ಮರಳಿದವರೆಲ್ಲ ಅಡಿವೆಪ್ಪನ ಮನೆಗೆ ಉಂಡಿ, ಚಕ್ಕಲಿ ಹೊತ್ತರು. ಬೇವಿನ ಮರದ ಕೆಳಗೆ ಮಲಗಿದ್ದ ಅವನ ಸುತ್ತ ಹೆಂಗಸರು ನಿಂತು, “ಪಾಪ, ವಿಚಾರ ಮಾಡಾಕ ಹತ್ತ್ಯಾನ, ಎಬ್ಬಿಸಬ್ಯಾಡ್ರಿ” ಎಂದು ಪಿಸುಗುಟ್ಟುತ್ತಿದ್ದರು. ವಿಚಾರ ಮಾಡುವವನ ಬಾಯಿಂದ ಗೊರಕೆ ಹೊರಡುತ್ತಿತ್ತು. ಮೂರಾಳು ಎನ್ನುವ ಮಾತು ಊರಿನ ಬಾಯಿಂದ ಬಿದ್ದುಹೋಯಿತು. ನಾನು ಬರಿಯ ಮುರಿಗೆಪ್ಪನಾದೆ.

ನನ್ನನ್ನು ಮೊದಲನೆಯ ಬಳೆಯ ಜೋಡಿಯಾಳು ಮಾಡಿದರು. ಎರಡನೆಯ ಬಳೆಗೆ ಗದಿಗೆಯ್ಯಜ್ಜ. ಹಿಂದೆ ಸಂಬಾಳ ಬಾರಿಸುತ್ತಿದ್ದವನು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಮ್ಮಿಬ್ಬರ ಬಳೆಗಳು ಕೂಡುವಲ್ಲಿ ದ್ಯಾಮವ್ವ ಕೂತಳು, ಕೆಳಗಿನ ಓಣಿಯ ನೀರಿನ ಮಾತು ಹೊತ್ತು. ಅವಳಿಗೆ ಮನೆಗೆ ಹೋಗುವ ಅವಕಾಶವಿತ್ತು, ಹೋಗಲಿಲ್ಲ. ಅವಳ ತಲೆಯಲ್ಲಿ ಒಂದು ಮಾತೂ ಇದುವರೆಗೆ ಮಗುಚಿರಲಿಲ್ಲ. ಊರಲ್ಲಿ ಅವಳ ಹೆಸರಿಗಿದ್ದ ತೂಕವೆಲ್ಲ ಅದು. “ನನ್ನ ಹೆಸರು ಸ್ಪೀಕರಿನ್ಯಾಗ ಬಂದ ದಿನ ಯಾರೂ ಹೇಳೂದು ಬ್ಯಾಡ, ನಾನ ಎದ್ದು ಹೋಗ್ತೀನಿ, ಮತ್ತ ಕುಂಡ್ರೂದಿಲ್ಲ,” ಎನ್ನುತ್ತಿದ್ದಳು.

ಈ ಸ್ಪೀಕರೇ ಹೊಸ ಏರ್ಪಾಟಿನ ದೊಡ್ಡ ಪೀಡೆ. ಮೂರಾಳಿನ ಕಾಲದಲ್ಲಿ ಯಾರು ತಪ್ಪಿದರೆಂದು ಯಾರೂ ಕೇಳುತ್ತಿರಲಿಲ್ಲ. ಈಗ ಕಂಪ್ಯೂಟರು ಬಳೆಗಳ ಜೋಡಿ ನೋಡಿ, ತಪ್ಪಿದವರ ಹೆಸರನ್ನು ಬೇವಿನ ಮರದ ಸ್ಪೀಕರಿನಲ್ಲಿ ಊರಿಗೆಲ್ಲ ಹೇಳುತ್ತದೆ, ಅದೂ ಬಹುವಚನದಲ್ಲಿ. ಒಮ್ಮೆ ಹೆಸರು ಬಂದರೆ ಎಚ್ಚರಿಕೆ. ಎರಡನೆಯ ಸಲ ಬಂದರೆ ಬಳೆಯಿಂದ ಹೊರಗೆ.

ಈ ಬಳೆಯಾಟದ ಬಂಡವಾಳ ಬಯಲು ಮಾಡುವುದೆಂದು ನಾನು ನಿಶ್ಚಯಿಸಿದೆ. ಮೊದಲ ವಾರದಲ್ಲೇ ಒಂದು ಸಂಜೆ, ಬೇಕೆಂದೇ, ನನಗೆ ಹೇಳಿದ್ದಕ್ಕೆ ತಿರುಗುಮುರುಗು ಹೇಳಿದೆ. ಜೋಡಿಯಾಳುಗಳು ಮೊದಲು ಹೇಳಬೇಕೆಂಬುದು ನಿಯಮ, ನಾನೇ ಶುರು ಮಾಡಿದೆ. ಏಳೂ ಮಂದಿಯ ಸರದಿ ಮುಗಿದದ್ದೇ ಸ್ಪೀಕರು ಗಂಟಲು ಸರಿಮಾಡಿಕೊಂಡಿತು. “ಒಂದನೆಯ ಬಳೆ ಮಾತ್ರ ಜೋಡಿ ತಪ್ಪಿದೆ. ಶ್ರೀ ಮುರಿಗೆಪ್ಪನವರು ತಪ್ಪಿದ್ದಾರೆ. ನೀರಿಗೆ ತೊಂದರೆಯಿಲ್ಲ.” ಆ ‘ತೊಂದರೆಯಿಲ್ಲ’ ಎಂಬ ಮಾತು ನನ್ನನ್ನು ಕೊಂದಿತು. ನಾನು ತಪ್ಪಿದರೂ ಊರಿಗೆ ಏನೂ ಆಗುವುದಿಲ್ಲ. ಮರದ ಕೆಳಗಿನ ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಮನೆಗೆ ಹೋಗುವಾಗ ನೀಲವ್ವ, “ಭಾವಾರ, ನಮ್ಮ ಮನಿಯವರ ಲೆಕ್ಕ ಎಷ್ಟು ಚೊಲೊ ಹಿಡೀತು ನೋಡ್ರಿ,” ಎಂದಳು.

ಅಂದಿನಿಂದ ನಾನು ಅನ್ನ ನೀರು ಬಿಟ್ಟು ಆ ಬಳೆಗಳ ಹುಳುಕು ಹುಡುಕಿದೆ. ಹುಡುಕಿದೆನಷ್ಟೇ ಅಲ್ಲ, ಕಂಡೆ. ಒಬ್ಬನು ತಪ್ಪಿದರೆ ಅದು ಹಿಡಿಯುತ್ತದೆ, ಒಪ್ಪಿದೆ. ಇಬ್ಬರು ಒಟ್ಟಿಗೆ ತಪ್ಪಿದರೆ? ನನ್ನ ಬಳೆ ಒಂದು ಜೋಡಿ ತಪ್ಪುತ್ತದೆ, ಗದಿಗೆಯ್ಯಜ್ಜನ ಬಳೆ ಒಂದು ತಪ್ಪುತ್ತದೆ. ಆಗ ಕಂಪ್ಯೂಟರು ನಮ್ಮಿಬ್ಬರನ್ನೂ ಬಿಟ್ಟು ಎರಡೂ ಬಳೆಯಲ್ಲಿ ಕೂತ ಮೂರನೆಯವರ ಹೆಸರು ಹೇಳುತ್ತದೆ. ಸರಿಯಾಗಿದ್ದ ಮಾತನ್ನು ತಿರುವಿ ನೀರು ಕೆಡಿಸುತ್ತದೆ. ಊರು ಆಗ ಬಾಯಿ ಬಾಯಿ ಬಡಿದುಕೊಂಡು ಮೂರಾಳಿಗೆ ಮರಳುತ್ತದೆ. ಇಂಥ ಯೋಚನೆ ಹತ್ತೂರಲ್ಲಿ ಇನ್ನೊಬ್ಬನಿಗೆ ಹೊಳೆಯಲು ಸಾಧ್ಯವಿರಲಿಲ್ಲ. ಆ ಮೂರನೆಯವರು ಯಾರೆಂಬುದನ್ನು, ಉರಿಯುವ ಹೊಟ್ಟೆಯ ಹೊಗೆಯಲ್ಲಿ, ನಾನು ಗಮನಿಸಲಿಲ್ಲ.

ಗದಿಗೆಯ್ಯಜ್ಜನನ್ನು ಮರೆಸುವುದು ಸುಲಭ. ಅವನಿಗೆ ಮಿರ್ಚಿ ಭಜಿಯೆಂದರೆ ಪ್ರಾಣ. ಒಂದು ಮಧ್ಯಾಹ್ನ ಬಿಸಿಬಿಸಿ ಮಿರ್ಚಿಯ ಪೊಟ್ಟಣ ತಂದು ಅವನ ಮೂಗಿನ ಕೆಳಗೆ ಬಿಚ್ಚಿದೆ.

“ಏನಪಾ ಮುರಿಗೆಪ್ಪ, ಇವತ್ತು ಸೂರ್ಯ ಎಲ್ಲಿ ಹುಟ್ಟ್ಯಾನ? ನಿನ್ನ ಕೈಯಿಂದ ಚುರುಮುರಿ ಕಾಳು ಉದರಿದ್ದನ್ನ ಇರಿವಿನೂ ಕಂಡಿಲ್ಲ.”

“ತಿನ್ನಜ್ಜ, ಆರತೈತಿ.”

“ಖಾರ ಐತೇನ?”

“ಕಣ್ಣಾಗ ನೀರು ಬರೂವಷ್ಟು.”

ಅವನು ಒಂದರ ಹಿಂದೊಂದು ತಿಂದು, ಕಣ್ಣು ಮೂಗು ಒರೆಸಿಕೊಂಡು, ತೊಡೆಯ ಮೇಲೆ ಹಳೆಯ ಸಂಬಾಳದ ಪೆಟ್ಟು ಹಾಕತೊಡಗಿದ. ಅವನ ತಲೆಯೊಳಗಿನ ಮಾತು ಖಾರಕ್ಕೆ ಮಗುಚಿದ ಸದ್ದು ನನಗೆ ಹೊರಗೇ ಕೇಳಿಸಿತು.

ಸಂಜೆ ಕಂಪ್ಯೂಟರು ಕೇಳಿತು. ನಾನು ತಿರುಗುಮುರುಗು ಹೇಳಿದೆ. ಗದಿಗೆಯ್ಯಜ್ಜ ತೇಗಿ, ತಪ್ಪು ಹೇಳಿದ. ಉಳಿದವರು ಹೇಳಿದರು. ದ್ಯಾಮವ್ವ ಯಾವತ್ತಿನಂತೆ ಗಟ್ಟಿಯಾಗಿ, “ಹೌದು,” ಎಂದಳು. ಸ್ಪೀಕರು ಗಂಟಲು ಸರಿಮಾಡಿಕೊಂಡಿತು.

“ಒಂದನೆಯ ಬಳೆ, ಎರಡನೆಯ ಬಳೆ ಜೋಡಿ ತಪ್ಪಿವೆ. ಶ್ರೀಮತಿ ದ್ಯಾಮವ್ವನವರು ತಪ್ಪಿದ್ದಾರೆ. ಅವರ ಮಾತನ್ನು ‘ಇಲ್ಲ’ ಎಂದು ತಿದ್ದಲಾಗಿದೆ. ಕೆಳಗಿನ ಓಣಿಗೆ ನೀರಿಲ್ಲ.”

ಬಿಂದಿಗೆ ಹಿಡಿದು ನಿಂತಿದ್ದ ಕೆಳಗಿನ ಓಣಿಯವರು ಸ್ಪೀಕರನ್ನು ನೋಡಲಿಲ್ಲ, ಅವಳನ್ನು ನೋಡಿದರು. ಅವಳು ಯಾರತ್ತಲೂ ನೋಡದೆ ಸೀರೆಯ ನಿರಿಗೆ ಕೊಡವಿ ಎದ್ದಳು. ಸುಣ್ಣದ ಗೆರೆ ತುಳಿಯದಂತೆ ದಾಟಿ ಹೊರಗೆ ನಿಂತಳು. “ನಾ ‘ಹೌದು’ ಅಂತನ ಕೇಳಿದ್ದೆ,” ಎಂದಳು, ಯಾರಿಗೋ ಅಲ್ಲ, ತನಗೇ. ಆ ದನಿಯಲ್ಲಿ ಮೊದಲ ಬಾರಿಗೆ ಒಂದು ಅನುಮಾನವಿತ್ತು, ತನ್ನ ತಲೆಯ ಮೇಲೇ.

ಆಗ ಮರದ ಕೆಳಗಿನಿಂದ ಅಡಿವೆಪ್ಪ ಎದ್ದ. ಕೂದಲಲ್ಲಿ ಬೇವಿನ ಎಲೆ. “ತಡೀರಿ. ನೀರು ಕಟ್ಟಬ್ಯಾಡ್ರಿ. ಎಂಟನೇದವ ನಾ ಇನ್ನೂ ಹೇಳಿಲ್ಲ.”

“ಎಂಟನೇದವ ಯಾವನೋ?” ಎಂದ ಗದಿಗೆಯ್ಯಜ್ಜ.

“ಮುರಿಗೆಪ್ಪಣ್ಣಾರ ಹೆಸರು ಸ್ಪೀಕರಿನ್ಯಾಗ ಬಂದ ಮರುದಿನದಿಂದ ನಾನೂ ಮುಂಜಾನಿ ಒಂದು ಮಾತು ತಗೊಂಡ ಬಂದು ಮಲಗ್ತೀನಿ. ನಿಮ್ಮ ಏಳೂ ಮಂದಿ ‘ಹೌದು’ ಮತ್ತ ನಂದು, ಎಲ್ಲಾ ಸೇರಿ ಎಣಿಸಿದ್ರ ಜೋಡಿ ಬರಬೇಕು. ಒಬ್ಬರು ತಪ್ಪಿದ್ರ ಆ ಒಟ್ಟು ಜೋಡಿ ಮುರೀಬೇಕು. ನನ್ನ ಮಾತು ‘ಇಲ್ಲ’. ಈಗ ಎಣಿಸಿ ನೋಡ್ರಿ.”

ಎಣಿಸಿದರು. ಒಟ್ಟು ಜೋಡಿ ಸರಿಯಾಗಿಯೇ ಇತ್ತು.

“ಬಳಿ ಮುರದಾವು, ಒಟ್ಟು ಮುರದಿಲ್ಲ. ಅಂದ್ರ ತಪ್ಪಿದವರು ಒಬ್ಬರಲ್ಲ, ಇಬ್ಬರು. ನನ್ನ ಮಾತು ಸರಿ ಇದ್ರ ಆ ಇಬ್ಬರಾಗ ಅಕ್ಕಾರಿಲ್ಲ. ಈ ಎರಡು ಬಳಿ ಮುರ್ಯಾಕ ಅಕ್ಕಾರೊಬ್ಬರ ಸಾಕು, ಅವರ ಕೂಡ ಇನ್ನೊಬ್ಬರು ತಪ್ಪಿದ್ರ ಬಳಿ ಲೆಕ್ಕ ಬ್ಯಾರೆ ಬರತಿತ್ತು.”

ಗುಂಪಿನಿಂದ ಯಾರೋ ನಕ್ಕರು. “ನಿನ್ನ ಮಾತು ಸರಿ ಇದ್ರ. ಗೊರಕಿ ಹೊಡಿಯೂ ಮುಂದ ಅದು ಮಗಚಿರಬಾರದೇನು? ಆಕಿ ಒಬ್ಬಾಕಿ, ನೀ ಒಬ್ಬ. ಇಬ್ಬರು ಸರಿಹೋತು.”

ನಾನು ಆಸೆಪಟ್ಟು ಕಾದಿದ್ದ ಗಳಿಗೆ ಅದು: ಅಡಿವೆಪ್ಪನ ಮುಖ ಬಾಡಿತ್ತು, ಅವನ ಬಳೆಗಳ ಮಾನ ಹೋಗಿತ್ತು. ಆದರೆ ದ್ಯಾಮವ್ವ ತನ್ನ ಹಣೆಗೆ ಬೆರಳು ಒತ್ತಿ ನಿಂತಿದ್ದಳು, ಒಳಗೆ ಇಟ್ಟ ಒಡವೆ ಇದೆಯೋ ಇಲ್ಲವೋ ಎಂದು ತಡಕುವವಳಂತೆ. ಅವಳನ್ನು ಹಾಗೆ ಬಿಟ್ಟು ಗೆಲ್ಲುವಷ್ಟು ದೊಡ್ಡ ಹೊಟ್ಟೆ ನನಗಿರಲಿಲ್ಲ.

ನಾನು ಎದ್ದು ನಿಂತೆ. ನಿಂತರೆ ನನ್ನ ನೆರಳು ಚಾವಡಿಯನ್ನು ದಾಟಿ ಕೆರೆಯ ಏರಿಯ ಮೇಲೆ ಬೀಳುತ್ತದೆ. “ನಾನು,” ಎಂದೆ. “ನಾನ ಬೇಕಂತ ಸುಳ್ಳು ಹೇಳಿದೆ. ಅಜ್ಜಗ ಮಿರ್ಚಿ ತಿನಿಸಿ ಮರಸಿದೆ. ಇಬ್ಬರು ಅಂದ್ರ ನಾವಿಬ್ಬರು. ಅಡಿವೆಪ್ಪನ ಬಳಿ ಒಡೀಬೇಕಂತ ಹೂಡಿದ ಹೂಟ ಇದು. ಇಂಥಾ ಹೂಟ ಹೂಡಾಕ ನಿಮ್ಮ ಯಾರ ಕೈಲೂ ಆಗೂದಿಲ್ಲ.”

ಮರೆತವನಿಗೆ ನಮ್ಮೂರಲ್ಲಿ ಎಚ್ಚರಿಕೆ. ಬೇಕೆಂದೇ ಸುಳ್ಳು ಹೇಳಿದವನಿಗೆ ಕೊಳವೆಯೇ ಮುಚ್ಚಿಹೋಗುತ್ತದೆ. ಅವನ ಮನೆ ಕಂಪ್ಯೂಟರಿನ ಲೆಕ್ಕದಿಂದ ಬಿದ್ದುಹೋಗುತ್ತದೆ. ಅವನಿಗೆ ನೀರಿನ ಪಾಳಿಯಿಲ್ಲ, ಗಿರಣಿಯ ಪಾಳಿಯಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ನನ್ನ ಎದೆ ಉಬ್ಬಿತ್ತು. ಊರಿಗೆ ಊರೇ ಮತ್ತೆ ನನ್ನ ಮುಖ ನೋಡುತ್ತಿತ್ತು.

“ಸುಳ್ಳು,” ಎಂದಳು ದ್ಯಾಮವ್ವ.

“ಹೌದು, ಸುಳ್ಳ ಹೇಳಿದೆ.”

“ಅಲ್ರಿ. ಈಗ ಹೇಳಿದ್ರಲ್ಲ, ಅದು ಸುಳ್ಳು.” ಅವಳ ಬೆರಳು ಹಣೆಯಿಂದ ಇಳಿದಿತ್ತು. “ಮಿರ್ಚಿ ತಿಂದ ಮ್ಯಾಲೆ ನೀರು ಕುಡ್ಯಾಕ ನನ್ನ ಕಡೆ ಬಂದ್ರಿ. ಬಂದು ಕಿವಿಯಾಗ ಏನ ಕೇಳಿದ್ರಿ? ‘ಏ, ನನಗೇನ ಹೇಳಿತ್ತ ಮುಂಜಾನಿ, ನಿನಗೇನರ ಕೇಳಿಸಿತ್ತೇನ’ ಅಂದ್ರಿ. ನನಗ ಗೊತ್ತಿಲ್ಲ ಅಂದೆ. ನಿಮಗೇನ ಹೇಳಿತ್ತು ಅನ್ನೂದ ನೆನಪಿಲ್ಲದವರು ತಿರುಗುಮುರುಗು ಹ್ಯಾಂಗ ಹೇಳ್ತೀರಿ?”

ಗದಿಗೆಯ್ಯಜ್ಜ ಮೆಲ್ಲಗೆ, “ಮಿರ್ಚಿ ಅವ ತಿನಿಸಲಿಲ್ಲ, ನಾನ ಕೈ ಹಾಕಿ ಕಸಗೊಂಡೆ. ಅವ ತನಗಂತ ತಂದಿದ್ದ,” ಎಂದ.

ಇಷ್ಟು ಹೊತ್ತು ನಿಮಗೆ ಹೇಳಿದ ಹೂಟವನ್ನು ಇನ್ನು ನಾನು ಎತ್ತಿ ಹಿಡಿಯಲಾರೆ. ಬಳೆಯ ಹುಳುಕು ನಾನು ಹುಡುಕಲಿಲ್ಲ. ಇಬ್ಬರು ತಪ್ಪಿದರೆ ಏನಾಗುತ್ತದೆಂದು ನನಗೆ ತಿಳಿದದ್ದು ಅಡಿವೆಪ್ಪ ಅಂದು ಎದ್ದು ಹೇಳಿದ ಮೇಲೆ. ಆ ಮಧ್ಯಾಹ್ನ ನನಗೆ ಹಸಿವಾಗಿತ್ತು, ಮಿರ್ಚಿ ತಂದೆ. ಸಂಜೆ ನೆನಪಾಗಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಮೊದಲ ವಾರ ಸ್ಪೀಕರಿನಲ್ಲಿ ಹೆಸರು ಬಂದಾಗಲೂ ಅಷ್ಟೇ. ಮೂರಾಳಿನ ಏರ್ಪಾಟು ಕೂಡ ನನ್ನದಲ್ಲ, ದ್ಯಾಮವ್ವನದು. ನಾನು ಮರೆಯುವವನೆಂದು ಊರಿಗೆ ತಿಳಿಯದಿರಲೆಂದು ಅವಳು ಅದನ್ನು ಕಟ್ಟಿ, ನನ್ನ ಬಾಯಿಂದ ಹೇಳಿಸಿದಳು. ಮೂವರಲ್ಲಿ ನಾನು ಯಾವಾಗಲೂ ಕೊನೆಗೆ ಹೇಳುತ್ತಿದ್ದೆ, ಮೊದಲಿಬ್ಬರು ಹೇಳಿದ್ದನ್ನು ಕೇಳಿಕೊಂಡು.

ಹಾಗಿದ್ದೂ ಚಾವಡಿಯ ಮುಂದೆ ನಾನು ಇನ್ನೂ ನಿಂತೇ ಇದ್ದೆ. ಸುಳ್ಳುಗಾರನೆಂದು ಊರ ಲೆಕ್ಕದಿಂದ ಬೀಳುವುದು ನನಗೆ ಮರೆಗುಳಿ ಎನಿಸಿಕೊಳ್ಳುವುದಕ್ಕಿಂತ ಹಗುರವಾಗಿತ್ತು. ದ್ಯಾಮವ್ವ ಹತ್ತಿರ ಬಂದಳು.

“ಹೇಳ್ರಿ. ಹೇಳಿದ್ರ ಮನಿ ಉಳೀತದ.”

“ನನಗ ನೆನಪ ಇರೂದಿಲ್ಲ,” ಎಂದೆ.

“ಜೋರಾಗಿ ಹೇಳ್ರಿ. ಬಿಂದಿಗಿ ಹಿಡಕೊಂಡ ಹಿಂದ ನಿಂತಾರಲ್ಲ, ಅವರಿಗೂ ಕೇಳ್ಲಿ. ಅಡಿವೆಪ್ಪಗೂ ಕೇಳ್ಲಿ.”

ಅಡಿವೆಪ್ಪ ಕೂದಲಿನ ಎಲೆ ತೆಗೆಯುತ್ತ ನೆಲ ನೋಡುತ್ತಿದ್ದ. ನಗುತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.

ಜೋರಾಗಿ ಹೇಳಿದೆ.